ಯಾರ ಮಾರಿ, ಯಾವ ಗಂಟು

ಆಳಂದದಲ್ಲಿ ನಾನು ಬಿ.ಎ. ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಹೋದ ವರ್ಷ ಒಂದು ಕತೆ ಓದುತ್ತಿದ್ದಾಗ ಅದರಲ್ಲಿ ‘ಸರ್ಲಿ’ ಎಂಬ ಪದ ಬಂತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, “ಸರ್, ಸರ್ಲಿ ಅಂದ್ರ ಏನ್ರಿ ಸರ್?” ಅಂದ. ಪ್ರಶ್ನೆಯೊಳಗೇ ಉತ್ತರ ಇತ್ತು, ಅದು ಅವನಿಗೆ ಗೊತ್ತಿರಲಿಲ್ಲ ಅಷ್ಟೇ. ಆ ಪದ ಹುಟ್ಟಿದ್ದೇ ‘ಸರ್’ನಿಂದ.

ಅರ್ಥ ಹೇಳುವುದೇನೂ ಕಷ್ಟವಲ್ಲ. ಮಾತಾಡಿಸಿದರೆ ಕಡ್ಡಿ ಮುರಿದಂತೆ ಉತ್ತರ ಕೊಡುವವನು, ಮುಖ ಎತ್ತಿ ನೋಡದವನು, ಜಗಳಕ್ಕೂ ಬರದೆ, ನಗುವನ್ನೂ ಕೊಡದೆ ಎದುರಿಗೆ ನಿಂತವನನ್ನು ಸಣ್ಣವನನ್ನಾಗಿ ಮಾಡುವವನು. ಇಷ್ಟು ಹೇಳಿ, ಇದಕ್ಕೆ ನಮ್ಮ ಕಡೆ ಏನಂತೀರಿ ಎಂದು ಕೇಳಿದೆ. ಮಕ್ಕಳು ಶುರುಮಾಡಿದರು. ಸಿಡುಕ, ಸೆಡವು, ಧಿಮಾಕು, ಮಗರೂರಿ, ಖಡಕ್ ಮನಷ್ಯಾ. ಅಫಜಲಪುರದ ಕಡೆಯಿಂದ ಬರುವ ಒಬ್ಬ ಹುಡುಗಿ, “ಮಾರಿ ಗಂಟ ಹಾಕ್ಕೊಂಡ ಕುಂದ್ರೋರು” ಅಂದಳು. ಇನ್ನೊಬ್ಬಳು ಅದನ್ನು ತಿದ್ದಿ, “ಅದು ಸಿಟ್ಟಲೇ, ಇದು ಮಾರಿ ಉಬ್ಬಿಸ್ಕೊಂಡ ಕುಂದ್ರೂದು” ಅಂದಳು. ಗಂಟು ಹಾಕುವುದಕ್ಕೂ ಉಬ್ಬಿಸುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ಆ ತಾಸು ಪೂರ್ತಿ ಚರ್ಚೆಯಾಯಿತು. ಕತೆ ಅರ್ಧಕ್ಕೇ ನಿಂತಿತು.

ದಕ್ಷಿಣದ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮಾರಿ ಅಂದರೆ ಮುಖ. ನಿಮ್ಮಲ್ಲಿ ಊರಿಗೆ ಬರುವ ಮಾರಿಯನ್ನು ಓಡಿಸುತ್ತೀರಿ, ನಾವು ದಿನಾ ಬೆಳಿಗ್ಗೆ ಎದ್ದು ಮಾರಿ ತೊಳೆದುಕೊಳ್ಳುತ್ತೇವೆ. ಮೋರೆ ಎಂಬ ಪದವೇ ಇಲ್ಲಿ ಹೀಗಾಗಿದೆ.

ಕನ್ನಡದಲ್ಲಿ ಈ ಸ್ವಭಾವಕ್ಕಿರುವ ಪದಗಳನ್ನು ಒಂದು ಕಡೆ ಹಾಕಿ ನೋಡಿದರೆ ಹೆಚ್ಚಿನವು ಮೈಯಿಂದ ಬಂದವು. ಹುಬ್ಬು ಗಂಟಿಕ್ಕುವುದು, ಮುಖ ಸಿಂಡರಿಸುವುದು, ಮಾರಿ ಸೊಟ್ಟ ಮಾಡುವುದು. ಸೆಡವು ಎಂಬುದರ ಹಿಂದೆ ‘ಸೆಡೆ’ ಇದೆ. ಬಿಗಿಯಾಗು, ಸೆಟೆದುಕೋ ಎಂದು ಅದರ ಅರ್ಥ. ಚಳಿಗೆ ಮೈ ಸೆಡೆಯುವ ಹಾಗೆಯೇ ಸೆಡವು ಬಂದವನ ಕುತ್ತಿಗೆಯೂ ಬಿಗಿಯುತ್ತದೆ. ಸಿಡುಕು ಮಾತ್ರ ಒಲೆಯ ಹತ್ತಿರದ ಮಾತು. ಕಾದ ಎಣ್ಣೆಗೆ ಬಿದ್ದ ಸಾಸಿವೆ ಮಾಡುವ ಕೆಲಸ ಅದು. ಅಂದರೆ ಕನ್ನಡ ಮನುಷ್ಯನ ಮುಖ, ಕುತ್ತಿಗೆ, ಬಾಯಿ ನೋಡಿ ಹೆಸರಿಟ್ಟಿದೆ. ಅವನು ಯಾರು, ಅವನಿಗೆಷ್ಟು ಹೊಲವಿದೆ ಎಂದು ಈ ಪದಗಳು ಕೇಳುವುದಿಲ್ಲ. ಬಡವನ ಹುಬ್ಬೂ ಗಂಟಾಗಬಹುದು, ದೇಸಾಯಿಯ ಹುಬ್ಬೂ.

ಇಂಗ್ಲಿಷ್ ಹಾಗಲ್ಲ. ಅದು ಮೊದಲು ಅಂತಸ್ತು ಕೇಳುತ್ತದೆ.

16ನೇ ಶತಮಾನದಲ್ಲಿ ಈ ಪದವನ್ನು ‘ಸರ್’ ಎಂಬುದರ ಕಾಗುಣಿತದಲ್ಲೇ ಬರೆಯುತ್ತಿದ್ದರು. ಸರ್ ಎಂಬುದಕ್ಕೆ ‘ಲಿ’ ಸೇರಿದರೆ ಸರ್ಲಿ: ಸರ್‌ನಂತೆ ಇರುವವನು, ದೊರೆಯ ಗತ್ತಿನವನು. ಆಮೇಲೆ ಕಾಗುಣಿತ ಬದಲಾಗಿ ಒಳಗಿನ ಸರ್ ಕಣ್ಣಿಗೆ ಕಾಣದಂತಾದ. ಕವಿ ಎಡ್ಮಂಡ್ ಸ್ಪೆನ್ಸರ್ 1579ರಲ್ಲಿ ಪ್ರಕಟಿಸಿದ ‘ಶೆಪರ್ಡ್ಸ್ ಕ್ಯಾಲೆಂಡರ್’ ಎಂಬ ಕುರುಬರ ಕಾವ್ಯದಲ್ಲಿ ಈ ಪದ ಹಳೆಯ ರೂಪದಲ್ಲೇ ಸಿಗುತ್ತದೆ. ಅಲ್ಲಿ ಅದು ದೊಡ್ಡಸ್ತಿಕೆಯ ಕುರುಬರಿಗೆ ಅಂಟಿಕೊಂಡ ಮಾತು. ಕುರುಬರು ಅಂದರೆ ನಿಜವಾಗಿ ಕುರಿ ಕಾಯುವವರಲ್ಲ, ಭಕ್ತರ ಮಂದೆ ಕಾಯಬೇಕಾದ ಪಾದ್ರಿಗಳು. ಮಂದೆಯ ಕಡೆ ತಿರುಗಿಯೂ ನೋಡದೆ ಮೆರೆಯುವವರು ಎಂದು ಕವಿಯ ಸಿಟ್ಟು.

ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕ 1602ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಆಡಿದ ದಾಖಲೆ ಇದೆ. ಅದರಲ್ಲಿ ಮಾಲ್ವೋಲಿಯೊ ಎಂಬ ಮನೆಯ ಕಾರಭಾರಿ ಒಬ್ಬನಿದ್ದಾನೆ. ಅವನನ್ನು ಗೇಲಿ ಮಾಡಲು ಯಜಮಾನತಿಯೇ ಬರೆದಂತೆ ಒಂದು ಸುಳ್ಳು ಪತ್ರ ಬರೆದು ಅವನ ದಾರಿಯಲ್ಲಿ ಹಾಕುತ್ತಾರೆ. ನೀನು ದೊಡ್ಡ ಮನುಷ್ಯ ಆಗುವವನಿದ್ದೀ, ಇನ್ನು ಮೇಲೆ ಆಳುಗಳ ಜೊತೆ ‘ಸರ್ಲಿ’ಯಾಗಿರು ಎಂಬ ಸಲಹೆಯೂ ಆ ಪತ್ರದಲ್ಲಿದೆ. ನಾನು ಈ ನಾಟಕವನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ, ಈ ಜಾಗಕ್ಕೆ ಬಂದಾಗ ನಮ್ಮ ಮಕ್ಕಳಿಗೆ ಟಿಪ್ಪಣಿಯೇ ಬೇಕಾಗುವುದಿಲ್ಲ. ನೌಕರಿ ಸಿಕ್ಕ ಮರುದಿನದಿಂದ ಊರಲ್ಲಿ ಯಾರನ್ನೂ ಮಾತಾಡಿಸದ ಒಬ್ಬನಾದರೂ ಪ್ರತಿಯೊಬ್ಬರ ಓಣಿಯಲ್ಲಿ ಇರುತ್ತಾನೆ. ದೊಡ್ಡವನಾಗಲು ಏನೂ ಕಲಿಯಬೇಕಿಲ್ಲ, ಮಾತು ನಿಲ್ಲಿಸಿದರೆ ಸಾಕು ಎಂಬ ನಂಬಿಕೆ ಇಂಗ್ಲೆಂಡಿನಲ್ಲೂ ಇತ್ತು ಎಂದು ತಿಳಿದು ಮಕ್ಕಳಿಗೆ ಒಂದು ಬಗೆಯ ಸಮಾಧಾನ.

1755ರಲ್ಲಿ ಡಾ. ಜಾನ್ಸನ್ ತನ್ನ ದೊಡ್ಡ ನಿಘಂಟು ತರುವ ಹೊತ್ತಿಗೆ ಈ ಪದದೊಳಗಿನ ದೊರೆ ಮಾಯವಾಗಿದ್ದ. ಹುಳಿ ಎಂಬ ಅರ್ಥದ ಹಳೆಯ ಸ್ಯಾಕ್ಸನ್ ಪದದಿಂದ ಇದು ಬಂತು ಎಂದು ಜಾನ್ಸನ್ ಬರೆದ. ವ್ಯುತ್ಪತ್ತಿ ತಪ್ಪು, ಆದರೆ ಕಣ್ಣು ಸರಿಯಾಗಿಯೇ ನೋಡಿದೆ. ಇನ್ನೂರು ವರ್ಷದಲ್ಲಿ ದರ್ಬಾರು ಹೋಗಿತ್ತು, ಹುಣಸೆ ಕಚ್ಚಿದ ಮುಖವೊಂದೇ ಉಳಿದಿತ್ತು. ಸರ್ ಎಂಬ ಪದವಾದರೂ ಎಲ್ಲಿಂದ ಬಂತು? ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೀನಿಯರ್’ನಿಂದ. ಹಿರಿಯ ಎಂದಷ್ಟೇ ಅದರ ಅರ್ಥ. ಹಿರಿಯನಿಂದ ಒಡೆಯ, ಒಡೆಯನಿಂದ ಒಡೆಯನ ಗತ್ತು, ಗತ್ತಿನಿಂದ ಗಂಟು ಮಾರಿ.

ಇದು ಒಂದು ಕಡೆಯ ಕತೆ. ಇದೇ ಸ್ವಭಾವಕ್ಕೆ ಇಂಗ್ಲಿಷಿನಲ್ಲಿ ಇದಕ್ಕಿಂತ ಬಹಳ ಹಳೆಯದಾದ ಇನ್ನೊಂದು ಪದವಿದೆ, ‘ಚರ್ಲಿಷ್’. ನಿಘಂಟು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕೊಡುತ್ತದೆ: ಒರಟ, ಮರ್ಯಾದೆ ಗೊತ್ತಿಲ್ಲದವ. ಆದರೆ ಇದು ಬಂದದ್ದು ದೊರೆಯ ಮನೆಯಿಂದಲ್ಲ, ಹೊಲದಿಂದ. ಹಳೆಯ ಇಂಗ್ಲಿಷಿನಲ್ಲಿ ‘ಚೆಯೊರ್ಲ್’ ಎಂದರೆ ಸಾಮಾನ್ಯ ರೈತ. ಗುಲಾಮನಲ್ಲ, ಸ್ವತಂತ್ರ ಮನುಷ್ಯ. ಅವನನ್ನು ಯಾರಾದರೂ ಕೊಂದರೆ ಎಷ್ಟು ದಂಡ ಎಂಬುದು ಕಾನೂನಿನಲ್ಲಿ ನಿಗದಿಯಾಗಿತ್ತು. ವೆಸೆಕ್ಸ್ ರಾಜ್ಯದಲ್ಲಿ ರೈತನ ಜೀವಕ್ಕೆ 200 ಶಿಲಿಂಗ್, ಸರದಾರನ ಜೀವಕ್ಕೆ 1200. ಒಬ್ಬ ಸರದಾರ ಅಂದರೆ ಆರು ರೈತರು ಎಂದು ಲೆಕ್ಕ ಹಾಕಿಕೊಳ್ಳಿ. 1066ರಲ್ಲಿ ನಾರ್ಮನ್ನರು ಬಂದರು, ಫ್ರೆಂಚ್ ಮಾತಾಡುವವರು ಮೇಲೆ ಕುಳಿತರು, ಚೆಯೊರ್ಲ್ ನೆಲಕ್ಕೆ ಕಟ್ಟಿಹಾಕಿದ ಜೀತಗಾರನ ಹೆಸರಾಯಿತು. ಆಮೇಲೆ ಬರೀ ಬೈಗುಳವಾಯಿತು.

ಈ ಪದದ ಅಣ್ಣತಮ್ಮಂದಿರು ಬೇರೆ ದೇಶಗಳಲ್ಲಿ ಬೇರೆಯೇ ಬಾಳು ಬಾಳಿದರು. ಕಾರ್ಲ್, ಚಾರ್ಲ್ಸ್ ಎಂಬ ಹೆಸರುಗಳು ಇದೇ ಬಳ್ಳಿಯವು. ಚಕ್ರವರ್ತಿ ಶಾರ್ಲಮೇನ್‌ನ ಹೆಸರಿನಿಂದಲೇ ಸ್ಲಾವ್ ಭಾಷೆಗಳಲ್ಲಿ ರಾಜ ಎಂಬ ಪದ ಬಂದಿದೆ, ರಷ್ಯನ್ನಿನ ‘ಕರೋಲ್’ ಅದೇ. ಒಂದೇ ಬೇರಿನ ಪದ ಒಂದು ಕಡೆ ರಾಜನಾಗಿ ಇನ್ನೊಂದು ಕಡೆ ಬೈಸಿಕೊಂಡಿದೆ. (ಕಾರ್ಲ್ ಮಾರ್ಕ್ಸ್ ಹೆಸರಲ್ಲೂ ಆ ರೈತ ಕೂತಿದ್ದಾನೆ ಎಂದಾಗ ನಮ್ಮ ಇತಿಹಾಸ ವಿಭಾಗದ ಗೆಳೆಯರಿಗೆ ಬಹಳ ಖುಷಿಯಾಗಿ ಚಹಾ ಕುಡಿಸಿದರು.) ಇಂಗ್ಲಿಷಿನಲ್ಲಿ ರೈತನಿಂದ ಹುಟ್ಟಿದ ಬೈಗುಳ ಇದೊಂದೇ ಅಲ್ಲ. ‘ವಿಲನ್’ ಅಂದರೆ ಮೊದಲು ಜಮೀನ್ದಾರನ ತೋಟದಲ್ಲಿ ದುಡಿಯುವವನು. ‘ಬೂರ್’ ಅಂದರೂ ಬೇಸಾಯಗಾರ. ನಾವೇನು ಹಿಂದೆ ಬಿದ್ದಿಲ್ಲ. ಹಳ್ಳಿಯಿಂದ ಗಮಾರ ಬಂದ. ಗ್ರಾಮದಿಂದ ಗ್ರಾಮ್ಯ ಬಂತು, ಅದನ್ನು ಕಾವ್ಯದ ದೋಷಗಳ ಪಟ್ಟಿಗೆ ಸೇರಿಸಿದ್ದೂ ಆಯಿತು. ನಗರದಿಂದ ಮಾತ್ರ ನಾಗರಿಕ.

ಹೀಗಾಗಿ ಗಂಟು ಮಾರಿಗೆ ಇಂಗ್ಲಿಷಿನಲ್ಲಿ ಎರಡು ಹೆಸರು. ಕೆಳಗೆ ನಿಂತವನು ಮೇಲೆ ನೋಡಿ ಇಟ್ಟ ಹೆಸರು ಸರ್ಲಿ, ಮೇಲೆ ಕುಳಿತವನು ಕೆಳಗೆ ನೋಡಿ ಇಟ್ಟ ಹೆಸರು ಚರ್ಲಿಷ್.

ನಾನು ಇವೆರಡನ್ನೂ ಒಂದೇ ಮೇಜಿನ ಎರಡು ಬದಿಗೆ ನೋಡಿದ್ದು ಪಿಯುಸಿಯಲ್ಲಿದ್ದಾಗ. ಪದಗಳು ಆಗ ಗೊತ್ತಿರಲಿಲ್ಲ. ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ, ಎರಿ ಭೂಮಿ, ತೊಗರಿ ಮತ್ತು ಹತ್ತಿ. ಮುತ್ಯಾ ತೀರಿಕೊಂಡ ಮೇಲೆ ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬಂದಿತ್ತು. ಒಂದು ಅಕ್ಷರ ಆಚೀಚೆ. ಅದನ್ನು ಸರಿ ಮಾಡಿಸಲು ಅಪ್ಪ ಒಂದು ಕಚೇರಿಗೆ ನಾಲ್ಕು ಸಲ ಹೋಗಿಬಂದಿದ್ದ. ಐದನೇ ಸಲ, ಓದಿದ ಮಗ ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದ. ಏಪ್ರಿಲ್ ತಿಂಗಳು. ಬಸ್ಸಿಳಿದು ಬಿಸಿಲಲ್ಲಿ ನಡೆದು ಹೋಗಿ ಮೇಜಿನ ಮುಂದೆ ನಿಂತೆವು. ಮೇಜಿನ ಹಿಂದಿನವರು ತಲೆ ಎತ್ತಲಿಲ್ಲ. ಕಾಗದ ತಿರುವುತ್ತಿದ್ದರು. ಅಪ್ಪ, “ಸಾಹೇಬ್ರ” ಅಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಸಾಹೇಬ್ರ” ಅಂದ. ಮೂರನೇ ಸಲ ಕೂಗಿದಾಗ ಅವನ ದನಿ ದಪ್ಪವಾಗಿತ್ತು. ಹೊಲದಲ್ಲಿ ಎರಡು ಪಟ್ಟಿ ಆಚೆಗೆ ಕೇಳುವ ದನಿ ಅದು, ಕಚೇರಿಯ ಗೋಡೆಗೆ ಬಡಿದು ದೊಡ್ಡದಾಯಿತು.

ಆಗ ಅವರು ತಲೆ ಎತ್ತಿದರು. ಅಪ್ಪನನ್ನಲ್ಲ, ನನ್ನನ್ನು ನೋಡಿ, “ಓದಲತ್ತೀ ಏನ್? ನಿಮ್ಮಪ್ಪಗ ಮಾತಾಡೂದು ಕಲಸು. ಒರಟ ಮಂದಿ” ಅಂದರು. ಅಷ್ಟು ಹೇಳಿ ಮತ್ತೆ ಕಾಗದಕ್ಕೆ ಇಳಿದರು.

ಅಪ್ಪನ ಮುಖ ನೋಡಿದೆ. ಹುಬ್ಬು ಗಂಟಾಗಿತ್ತು, ದವಡೆ ಬಿಗಿದಿತ್ತು. ಹೊರಗಿನವರು ಯಾರೇ ನೋಡಿದ್ದರೂ ಈ ಮನುಷ್ಯ ಜಗಳಕ್ಕೆ ಬಂದಿದ್ದಾನೆ ಎಂದೇ ಹೇಳುತ್ತಿದ್ದರು. ಬರುವಾಗ ಬಸ್ ನಿಲ್ದಾಣದಲ್ಲಿ, ಅಷ್ಟು ಸಿಟ್ಟು ಯಾಕೆ ಮಾಡಿದೆ ಎಂದು ಕೇಳಿದೆ. ಅಪ್ಪ, “ಸಿಟ್ಟ ಎಲ್ಲಿದೋ ತಮ್ಮಾ, ಗಂಟಲದಾಗ ಏನೋ ಸಿಕ್ಕಂಗ ಆಗಿತ್ತು, ಮಾತ ಹೊರಗ ಬರಲಿಲ್ಲ” ಅಂದ. ನಳದ ಹತ್ತಿರ ಹೋಗಿ ಬೊಗಸೆ ನೀರು ಕುಡಿದ.

ಇದಾಗಿ ಬಹಳ ವರ್ಷಗಳ ಮೇಲೆ, ಉರ್ದುವಿನಿಂದ ನಮ್ಮ ಮಾತಿಗೆ ಬಂದ ಪದಗಳ ಬೆನ್ನು ಹತ್ತಿದ್ದಾಗ ‘ಗುಸ್ಸಾ’ ಎಂಬುದು ಸಿಕ್ಕಿತು. ನಮ್ಮ ಕಡೆ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರೂ ಆಡುವ ಪದ, ‘ಗುಸ್ಸಾ ಆಗಬ್ಯಾಡ್ರಿ’ ಎಂದು. ಅರಬ್ಬಿಯಲ್ಲಿ ಅದರ ಮೂಲ ಅರ್ಥ ಸಿಟ್ಟಲ್ಲ. ಗಂಟಲಲ್ಲಿ ಸಿಕ್ಕಿಕೊಂಡದ್ದು, ಉಸಿರು ಕಟ್ಟಿಸುವ ಗಂಟು. ಅಪ್ಪನಿಗೆ ಅರಬ್ಬಿ ಎಲ್ಲಿ ಬರಬೇಕು, ಅವನ ಗಂಟಲಿಗೆ ಗೊತ್ತಿತ್ತು.

1948ರ ಸೆಪ್ಟೆಂಬರಿನವರೆಗೆ ನಮ್ಮ ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿಯ ಭಾಷೆ ಉರ್ದು. ಆದ್ದರಿಂದ ಗತ್ತು, ಸಿಟ್ಟು, ವ್ಯಾಜ್ಯಗಳಿಗೆ ನಾವಾಡುವ ಪದಗಳಲ್ಲಿ ಅರ್ಧ ಆ ದಾರಿಯಿಂದ ಬಂದವು. ಧಿಮಾಕು ಎಂದರೆ ಮೂಲದಲ್ಲಿ ಮಿದುಳು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದರೊಳಗೆ ಸೊಕ್ಕು ಮಾತ್ರ ಉಳಿಯಿತು, ಬುದ್ಧಿ ಹೋಯಿತು. ಮಗರೂರ ಎಂದರೆ ಅರಬ್ಬಿಯಲ್ಲಿ ಮೋಸಹೋದವನು. ತನ್ನ ಬಗ್ಗೆ ತಾನೇ ಮೋಸಹೋದವನಿಗಿಂತ ಸೊಕ್ಕಿನವನು ಇನ್ಯಾರು? ತಕರಾರು ಎಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ಅಪ್ಪ ಮೂರು ಸಲ “ಸಾಹೇಬ್ರ” ಅಂದದ್ದು ತಕರಾರಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಾಹೇಬ ಎಂದರೆ ಮಾತ್ರ ಜೊತೆಗಾರ, ಒಡನಾಡಿ. ಹಿರಿಯ ಎಂಬುದು ಸರ್ ಆದ ಹಾಗೆ ಒಡನಾಡಿಯೂ ಮೇಜಿನ ಹಿಂದೆ ಹೋಗಿ ಕುಳಿತ.

ಇವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮಿಜಾಜು. ಅದರ ಮೂಲ ಅರ್ಥ ಮಿಶ್ರಣ. ಮೈಯೊಳಗೆ ನಾಲ್ಕು ರಸಗಳಿವೆ, ಅವು ಕೂಡುವ ಹದದಂತೆ ಮನುಷ್ಯನ ಸ್ವಭಾವ ಎಂದು ಯುನಾನಿ ವೈದ್ಯರು ನಂಬಿದ್ದರು. ಇಂಗ್ಲಿಷಿನ ‘ಟೆಂಪರ್’ ಬಂದದ್ದೂ ಬೆರೆಸು ಎಂಬ ಲ್ಯಾಟಿನ್ ಪದದಿಂದಲೇ. ಮೂಲ ಪಾಠ ಗ್ರೀಕರದು, ಅರಬ್ಬರೂ ಯುರೋಪಿನವರೂ ಅದನ್ನೇ ಓದಿದರು. ಈಗಲೂ ಆಳಂದದ ಹಳೇ ಮಂದಿ ಭೇಟಿಯಾದಾಗ “ಮಿಜಾಜ್ ಹೆಂಗದ?” ಎಂದು ಕೇಳುವುದುಂಟು. ರಸಗಳು ಸರಿಯಾಗಿ ಕೂಡಿವೆಯಾ ಎಂಬ ಇಂಥ ಕುಶಲ ಪ್ರಶ್ನೆಗೆ ಗಂಟು ಮಾರಿಯಿಂದ ಉತ್ತರ ಕೊಡುವುದು ಯಾರಿಗೂ ಸುಲಭವಲ್ಲ.

ನಮ್ಮ ಮಂದಿ ಒರಟರು ಎಂಬ ಮಾತನ್ನು ಆಮೇಲೂ ಬಹಳ ಕೇಳಿದೆ. ಎಂ.ಎ. ಓದಲು ಬೆಂಗಳೂರಿಗೆ ಹೋದಾಗ ಹಾಸ್ಟೆಲಿನಿಂದ ಅವ್ವನಿಗೆ ಫೋನ್ ಮಾಡಿ ಮುಗಿಸಿದರೆ ಕೋಣೆಯ ಗೆಳೆಯ, ಮನೆಯಲ್ಲಿ ಏನಾದರೂ ಜಗಳವಾ ಎಂದು ಕೇಳುತ್ತಿದ್ದ. ಜ್ವಾಳದ ರಾಶಿ ಆಯಿತಾ ಎಂದು ಕೇಳಿದ್ದೆ ಅಷ್ಟೆ. ನಮ್ಮ ಮಾತಿನಲ್ಲಿ ಕ್ರಿಯಾಪದದ ಬಾಲ ಮೊಟಕು, ದನಿ ದೊಡ್ಡದು. ಮರ್ಯಾದೆಯೆಲ್ಲಾ ಕೊನೆಯ ಒಂದೇ ಒಂದು ‘ರಿ’ಯಲ್ಲಿರುತ್ತದೆ: ಬರ್ರಿ, ಕುಂದರ್ರಿ, ಹೌದ್ರಿ, ಇಲ್ರಿ. ಆ ಅಕ್ಷರ ಕಿವಿಗೆ ಬೀಳದವರಿಗೆ ಉಳಿದದ್ದೆಲ್ಲಾ ಬೈಗುಳದಂತೆಯೇ ಕೇಳುತ್ತದೆ. ಒರಟು ಎಂಬುದು ಬಟ್ಟೆಯನ್ನೋ ಕಲ್ಲನ್ನೋ ಮುಟ್ಟಿ ಹೇಳುವ ಮಾತು. ನಮ್ಮ ಮಾತನ್ನು ಅವರು ಮುಟ್ಟಿ ನೋಡಿದ್ದರೇ ಎಂಬ ಅನುಮಾನ ನನಗೆ ಈಗಲೂ ಇದೆ.

ಇದು ಹೊಸ ದೂರೂ ಅಲ್ಲ. ಕನ್ನಡಕ್ಕೆ ಸಿಕ್ಕ ಮೊದಲ ಗ್ರಂಥ ‘ಕವಿರಾಜಮಾರ್ಗ’ 9ನೇ ಶತಮಾನದ್ದು, ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಅಂದರೆ ಇಂದಿನ ಮಳಖೇಡ, ನಮ್ಮದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. ಆದರೆ ಕನ್ನಡದ ತಿರುಳು ಯಾವ ನಾಡಿನದು ಎಂದು ಆ ಗ್ರಂಥ ಹೇಳುವಾಗ ಬರುವ ಹೆಸರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಮಳಖೇಡ ಆ ಪಟ್ಟಿಯಲ್ಲಿಲ್ಲ. ಅರಮನೆ ನಮ್ಮಲ್ಲಿಟ್ಟುಕೊಂಡೂ ಸರ್ಟಿಫಿಕೇಟು ಬೇರೆ ಕಡೆಯವರಿಗೆ ಹೋಯಿತು ಎಂದು ನಾವು ತಮಾಷೆ ಮಾಡುತ್ತೇವೆ.

ಇನ್ನು ಮುಖದ ವಿಷಯ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ನಿಂತು ಭೀಮೆಯನ್ನು ನೋಡಿ. ಕಣ್ಣು ತಾನಾಗಿ ಕಿರಿದಾಗುತ್ತದೆ, ಹುಬ್ಬು ಹತ್ತಿರ ಬರುತ್ತವೆ, ಮೇಲ್ದುಟಿ ಎತ್ತಿಕೊಳ್ಳುತ್ತದೆ. ಆಗ ಕನ್ನಡಿ ನೋಡಿಕೊಂಡರೆ ಕಾಣುವುದು ಸಿಂಡರಿಸಿದ ಮುಖ. ಹೀಗೆ ಅರವತ್ತು ಬೇಸಿಗೆ ಹೊಲದಲ್ಲಿ ಕಳೆದವನ ಹಣೆಯ ಗೆರೆಗಳು ನೆರಳಿಗೆ ಬಂದರೂ ಬಿಚ್ಚುವುದಿಲ್ಲ. ಫ್ಯಾನಿನ ಕೆಳಗೆ ಕುಳಿತವರು ಅದನ್ನು ಸಿಟ್ಟು ಎಂದು ಓದುತ್ತಾರೆ. ಮೇಜಿನ ಹಿಂದಿನವರಿಗೂ ನಾನು ಒಂದು ನ್ಯಾಯ ಕೊಡಲೇಬೇಕು. ದಿನಕ್ಕೆ ನೂರು ಮಂದಿ ಬಂದು ‘ಸಾಹೇಬ್ರ’ ಅಂದರೆ ಯಾರ ಕತ್ತೂ ಸೋಲುತ್ತದೆ. ಆದರೆ ಅಪ್ಪ ಕೇಳಿದ್ದು ಒಂದು ಅಕ್ಷರದ ತಿದ್ದುಪಡಿ, ಅದಕ್ಕೆ ಸಿಕ್ಕ ಉತ್ತರ ಅವನ ಇಡೀ ಜಾಯಮಾನದ ತಿದ್ದುಪಡಿ. ಅದನ್ನು ಮಾತ್ರ ನಾನು ದಣಿವಿನ ಲೆಕ್ಕಕ್ಕೆ ಹಾಕಲಾರೆ.

ನನ್ನ ಅವ್ವನ ತವರು ಅಫಜಲಪುರ ತಾಲ್ಲೂಕು, ಗಾಣಗಾಪುರದ ಹತ್ತಿರ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿ ಅಲ್ಲಿ ಭೀಮೆಯನ್ನು ಕೂಡುತ್ತದೆ. ಗಾಣಗಾಪುರದ ದತ್ತ ಪಾದುಕೆಗಳ ದರ್ಶನಕ್ಕೆ ಮಹಾರಾಷ್ಟ್ರದಿಂದ ಬರುವವರೇ ಹೆಚ್ಚು. ಬಂದವರು ಮಧುಕರಿ ಬೇಡುತ್ತಾರೆ, ಅಂದರೆ ಐದು ಮನೆಗಳ ಭಿಕ್ಷೆ. ಕಾರಿನಲ್ಲಿ ಬಂದವರೂ ಜೋಳಿಗೆ ಹಿಡಿದು ನಿಲ್ಲುವುದನ್ನು ನಾನು ನೋಡಿದ್ದೇನೆ. ಮಧ್ಯಾಹ್ನದ ಹೊತ್ತಿನಲ್ಲಿ ದತ್ತನೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ ಊರಲ್ಲಿದೆ. ಅದಕ್ಕೇ ನನ್ನ ಆಯಿ ಆ ಹೊತ್ತಿನಲ್ಲಿ ಬಾಗಿಲಿಗೆ ಯಾರು ಬಂದರೂ, ನಾಯಿ ಬಂದರೂ, “ಬಾ ಯಪ್ಪಾ” ಎನ್ನುತ್ತಿದ್ದಳು. ಹನ್ನೆರಡಕ್ಕೆ ಮೊದಲು ಮತ್ತು ಮೂರರ ಮೇಲೆ ಅವಳ ಮಾರಿಯೂ ಗಂಟೇ. ಸೊಸೆಯಂದಿರಿಗೆ ಅದು ಚೆನ್ನಾಗಿ ಗೊತ್ತಿತ್ತು, ಸೀರೆಗೆ ದುಡ್ಡು ಕೇಳುವುದಿದ್ದರೆ ಮಧ್ಯಾಹ್ನವೇ ಕೇಳುತ್ತಿದ್ದರು.

ಮುಖಕ್ಕೆ ಹೆಸರಿಡುವ ಕನ್ನಡ, ಅಂತಸ್ತಿಗೆ ಹೆಸರಿಡುವ ಇಂಗ್ಲಿಷ್ ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಒಂದು ದೊಡ್ಡ ಅಪವಾದವಿದೆ. ಆಳಂದದಿಂದ ಉತ್ತರಕ್ಕೆ ಹೋದರೆ ಬಸವಕಲ್ಯಾಣ. ಅಲ್ಲಿ 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡಿದ್ದ ಬಸವಣ್ಣ ದಿನಾ ಬೆಳಗಾದರೆ ಹಣವಂತರ ಮುಖ ನೋಡಬೇಕಿದ್ದವನು. ಅವನು ಒಂದು ವಚನದಲ್ಲಿ ‘ಸಿರಿಗರ’ ಎಂಬ ಪದ ಬಳಸುತ್ತಾನೆ. ಗರ ಅಂದರೆ ಗ್ರಹ, ಮೈಮೇಲೆ ಬರುವ ಪೀಡೆ. ಸಿರಿ ಎಂಬುದೇ ಒಂದು ಪೀಡೆಯಾಗಿ ಹಿಡಿಯುತ್ತದೆ ಎಂದು ಅವನ ನಿದಾನ. ಹಾವು ಕಚ್ಚಿದವರನ್ನಾದರೂ ಮಾತಾಡಿಸಬಹುದು, ಈ ಪೀಡೆ ಹಿಡಿದವರನ್ನು ಮಾತಾಡಿಸಲು ಆಗುವುದಿಲ್ಲ ಎಂದು ವಚನ ಹೇಳುತ್ತದೆ. ಬಡತನವೆಂಬ ಮಂತ್ರವಾದಿ ಒಳಗೆ ಕಾಲಿಟ್ಟರೆ ಸಾಕು, ತಟ್ಟನೆ ಬಾಯಿ ಬಿಡುತ್ತಾರಂತೆ. ಇನ್ನೊಂದು ವಚನದಲ್ಲಿ ಮನೆಗೆ ಬಂದವರನ್ನು ಕ್ಷೇಮವೇ ಎಂದು ವಿಚಾರಿಸಿದರೆ, ಕೂತುಕೊಳ್ಳಿ ಎಂದರೆ ನಿಮ್ಮ ಗಂಟೇನು ಹೋಗುತ್ತದೆ ಎಂಬರ್ಥದ ಪ್ರಶ್ನೆಗಳನ್ನು ಒಂದರ ಮೇಲೊಂದು ಕೇಳುತ್ತಾನೆ.

ಇಂಗ್ಲಿಷಿನಲ್ಲಿ ಸರ್ಲಿ ಹುಟ್ಟುವ ನಾನೂರು ವರ್ಷ ಮೊದಲೇ ಕನ್ನಡದಲ್ಲಿ ಒಬ್ಬ ಮಂತ್ರಿ ಅದೇ ಮುಖಕ್ಕೆ ಅದೇ ಕಾರಣ ಕೊಟ್ಟಿದ್ದ. ಸಿರಿ, ಸರ್ ಎರಡೂ ಕಿವಿಗೆ ಹತ್ತಿರ ಕೇಳುತ್ತವೆ, ನಂಟು ಮಾತ್ರ ಇಲ್ಲ. ಒಂದು ಸಂಸ್ಕೃತದ ಶ್ರೀ, ಇನ್ನೊಂದು ಲ್ಯಾಟಿನ್ನಿನ ಹಿರಿಯ. ಇಂಥ ಕಡೆ ನಮ್ಮ ವಾಟ್ಸಾಪ್ ಪಂಡಿತರು ಅವಸರ ಮಾಡಬಾರದು. ಬಸವಣ್ಣನ ಹೆಚ್ಚುಗಾರಿಕೆ ನನಗೆ ಕಾಣುವುದು ಬೇರೆ ಕಡೆ. ಇಂಗ್ಲಿಷ್ ಪದ ಆ ಗತ್ತನ್ನು ಸರ್‌ನ ಸ್ವಭಾವ ಎನ್ನುತ್ತದೆ, ವಚನ ರೋಗ ಎನ್ನುತ್ತದೆ. ರೋಗವಾದರೆ ಬರುತ್ತದೆ, ಹೋಗುತ್ತದೆ, ಯಾರಿಗೂ ಬರಬಹುದು. ಆ ವಚನ ರೈತನ ಗಂಟು ಮಾರಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದನ್ನೂ ಗಮನಿಸಬೇಕು. ಬಡವನ ಬಾಯಿ ಮುಚ್ಚಿದ್ದರೆ ಅದರ ಕಾರಣ ಬೇರೆ, ಅದಕ್ಕೆ ಮಂತ್ರವಾದಿ ಬೇಕಿಲ್ಲ.

ಮೇಜಿನ ಹಿಂದಿದ್ದ ಸಾಹೇಬರನ್ನು ಮತ್ತೆ ನೋಡಲಿಲ್ಲ, ಹೆಸರು ಕೂಡ ಮರೆತಿದ್ದೇನೆ. ಪಹಣಿಯಲ್ಲಿ ಅಕ್ಷರ ಸರಿಯಾದದ್ದು ಎಂಟನೇ ಸಲಕ್ಕೆ. ಆದರೆ ಅಂಥದೇ ಇನ್ನೊಬ್ಬರನ್ನು ನಾನು ಈಗ ದಿನಾ ನೋಡುತ್ತೇನೆ. ಆಳಂದದಲ್ಲಿ ನಾನಿರುವ ಓಣಿಯ ತುದಿಯ ಚಹಾದಂಗಡಿಗೆ ಬೆಳಿಗ್ಗೆ ಏಳಕ್ಕೇ ಬಂದು ಕೂರುವವರು. ದೊಡ್ಡ ನೌಕರಿಯಲ್ಲಿದ್ದು ನಿವೃತ್ತರಾದವರು. ಅವರು ನೌಕರಿಯಲ್ಲಿದ್ದಾಗ ಈ ದಾರಿಯಲ್ಲಿ ಜೀಪಿನ ಗಾಜು ಇಳಿದದ್ದನ್ನು ಯಾರೂ ಕಂಡಿಲ್ಲವಂತೆ. ಪೆನ್ಶನ್ ಬರುತ್ತದೆ, ಮನೆಯೂ ದೊಡ್ಡದು, ಬಡತನವೇನೂ ಬಂದಿಲ್ಲ. ಜೀಪು ಹೋಗಿದೆ, ಮೇಜು ಹೋಗಿದೆ. ಈಗ ಹಾಲಿನವನಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರನ್ನೂ ನಿಲ್ಲಿಸಿ ಮಾತಾಡಿಸುತ್ತಾರೆ. ಎಲ್ಲಿಗಿ ಹೊಂಟೀರಿ, ಮಳಿ ಹೆಂಗದ, ತೊಗರಿ ರೇಟ್ ಎಷ್ಟ್ ನಡದದ. ನಾನೂ ದಿನಾ ಹತ್ತು ನಿಮಿಷ ನಿಲ್ಲುತ್ತೇನೆ, ಓದಿಕೊಂಡವರು, ಮಾತು ಚೆನ್ನಾಗಿರುತ್ತದೆ.

ಮೊನ್ನೆ ಅವರು ಚಹಾದವನ ಕಡೆ ತಿರುಗಿ, “ಮಗಳ ಪರೀಕ್ಷಾ ಹೆಂಗಾತೋ ತಮ್ಮಾ?” ಎಂದು ಕೇಳಿದರು. ಕೇಳಿದ್ದು ನಿಜವಾದ ಅಕ್ಕರೆಯಿಂದಲೇ. ಚಹಾದವ ಬಕೆಟ್ಟಿನಲ್ಲಿ ಗ್ಲಾಸು ತೊಳೆಯುತ್ತಿದ್ದ. ತೊಳೆದ ಗ್ಲಾಸನ್ನು ಬೋರಲು ಹಾಕಿದ, ಇನ್ನೊಂದನ್ನು ಕೈಗೆ ತೆಗೆದುಕೊಂಡ.

“ಆತ್ರಿ” ಅಂದ. ತಲೆ ಎತ್ತಲಿಲ್ಲ.